ಊರು ಯಾವ ಕಡೆ ಬೆಳೆಯುತ್ತೆ ಅಂತ ಕಂಪ್ಯೂಟರನ್ನು ಕೇಳಿದರೆ

ದೊಡ್ಡಬಳ್ಳಾಪುರದವರಿಗೆಲ್ಲ ನಮಸ್ಕಾರ. ಮೇಜಿನ ಮೇಲೆ ಒಂದು ಗ್ರಾಫ್ ಹಾಳೆ, ಒಂದು ಹಿಡಿ ಹುಣಸೆ ಬೀಜ, ಒಂದು ಲೂಡೋ ದಾಳ ಇದೆ. ಕಂಪ್ಯೂಟರ್ ಬಗ್ಗೆ ಮಾತಾಡೋಕೆ ಬಂದವನು ಹುಣಸೆ ಬೀಜ ತಂದಿದ್ದಾನಲ್ಲ ಅಂತ ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಿ, ಪರವಾಗಿಲ್ಲ. ಕಂಪ್ಯೂಟರ್ ಮಾಡುವುದೂ ಇದನ್ನೇ.

ಹಾಳೆಯ ನಡುವೆ ಐದು ಬೀಜ ಒತ್ತೊತ್ತಾಗಿ ಇಡುತ್ತೇನೆ. ಅದು ಊರು. ಖಾಲಿ ಚೌಕಗಳೆಲ್ಲ ಹೊಲ. ಯಾವ ಖಾಲಿ ಚೌಕದ ಪಕ್ಕ ಎರಡಾದರೂ ಬೀಜ ಇವೆಯೋ ಅದಕ್ಕೆ ದಾಳ ಹಾಕಿ. ಐದೋ ಆರೋ ಬಿದ್ದರೆ ಅಲ್ಲೂ ಒಂದು ಬೀಜ ಇಡಿ. ಪೆನ್ಸಿಲಿನಲ್ಲಿ ಎಳೆದ ಈ ಗೆರೆ ರಸ್ತೆ, ಅದರ ಪಕ್ಕದ ಚೌಕಕ್ಕೆ ನಾಲ್ಕು ಬಿದ್ದರೂ ಸಾಕು. ಕೆಂಪು ಪೆನ್ನಿನಲ್ಲಿ ಗೀಟು ಹಾಕಿದ್ದು ಕೆರೆ, ಅಲ್ಲಿ ದಾಳ ಹಾಕುವ ಹಾಗೇ ಇಲ್ಲ. ಇಡೀ ಹಾಳೆಗೆ ಒಂದು ಸುತ್ತು ಮುಗಿದರೆ ಒಂದು ವರ್ಷ. ಹತ್ತು ಸುತ್ತು ಆಡಿ ನೋಡಿ, ರಸ್ತೆ ಉದ್ದಕ್ಕೂ ಬಾಲ ಬೆಳೆಸಿಕೊಂಡ ಒಂದು ಊರು ಕಾಣುತ್ತೆ. ಹೀಗೇ ಬೆಳಿ ಅಂತ ಯಾರೂ ಅದಕ್ಕೆ ಹೇಳಿರುವುದಿಲ್ಲ.

ಈ ಯೋಚನೆ ಹೊಸದಲ್ಲ. 1970ರಲ್ಲಿ ವಾಲ್ಡೋ ಟೋಬ್ಲರ್ ಎಂಬ ಭೂಗೋಳ ವಿಜ್ಞಾನಿ ಅಮೆರಿಕದ ಡೆಟ್ರಾಯಿಟ್ ನಗರ ಬೆಳೆಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಸಿನಿಮಾ ಥರ ತೋರಿಸಿದರು. ಎಲ್ಲಕ್ಕೂ ಎಲ್ಲದರ ಜೊತೆ ಸಂಬಂಧ ಇರುತ್ತೆ, ಆದರೆ ಹತ್ತಿರದ್ದರ ಜೊತೆ ಜಾಸ್ತಿ ಅನ್ನುವ ಅವರ ಮಾತು ಆ ಬರಹದಲ್ಲೇ ಬಂದದ್ದು. ನಮ್ಮ ಬೀಜದಾಟ ನಿಂತಿರುವುದೂ ಅದರ ಮೇಲೆಯೇ. ಆಮೇಲೆ ಕೀತ್ ಕ್ಲಾರ್ಕ್ ಮತ್ತು ಜೊತೆಗಾರರು ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಊರುಗಳು ಹೇಗೆ ಬೆಳೆದವು ಅಂತ ಲೆಕ್ಕ ಹಾಕಲು ಒಂದು ಮಾದರಿ ಕಟ್ಟಿ 1997ರಲ್ಲಿ ಪ್ರಕಟಿಸಿದರು. ಅದನ್ನೇ ಈಗ ಸ್ಲೂತ್ ಅಂತ ಕರೆಯುತ್ತಾರೆ. ಇಳಿಜಾರು, ಭೂಬಳಕೆ, ಕಟ್ಟಬಾರದ ಜಾಗ, ಊರಿನ ಹರವು, ರಸ್ತೆ, ಗುಡ್ಡದ ನೆರಳು, ಈ ಆರು ನಕ್ಷೆಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ಮಾಡಿದ ಹೆಸರು ಅದು. ಪತ್ತೇದಾರ ಅನ್ನುವ ಅರ್ಥವೂ ಬರುತ್ತೆ.

ಸ್ಲೂತ್‌ನಲ್ಲಿ ಐದು ಗುಂಡಿ ಇವೆ ಅಂದುಕೊಳ್ಳಿ, ಹಳೇ ರೇಡಿಯೋದಲ್ಲಿ ಇರುತ್ತಿದ್ದವಲ್ಲ, ಹಾಗೆ. ಊರಾಚೆ ಎಲ್ಲೋ ಒಂದು ಮನೆ ಏಳುವುದು ಎಷ್ಟು, ಆ ಒಂಟಿ ಮನೆಯ ಸುತ್ತ ಹೊಸ ಬಡಾವಣೆ ಹುಟ್ಟುವುದು ಎಷ್ಟು, ಊರಿನ ಅಂಚು ಸವರಿಕೊಂಡು ಬೆಳೆಯುವುದು ಎಷ್ಟು, ಇಳಿಜಾರು ಎಷ್ಟು ತಡೆಯುತ್ತೆ, ರಸ್ತೆ ಎಷ್ಟು ಎಳೆಯುತ್ತೆ. ಪ್ರತಿ ಗುಂಡಿಯನ್ನೂ 0ಯಿಂದ 100ರವರೆಗೆ ತಿರುಗಿಸಬಹುದು. ನಿಮ್ಮ ಊರಿಗೆ ಯಾವ ಗುಂಡಿ ಎಷ್ಟರಲ್ಲಿರಬೇಕು ಅಂತ ಹುಡುಕುವುದೇ ದೊಡ್ಡ ಕೆಲಸ. ಎಲ್ಲ ಜೋಡಣೆಗಳನ್ನೂ ನೋಡುತ್ತೇನೆ ಅಂತ ಹೊರಟರೆ ಸುಮಾರು 1051 ಕೋಟಿ ಆಗುತ್ತವೆ. ಅದಕ್ಕೇ ಮೊದಲು ಗುಂಡಿಯನ್ನು ಇಪ್ಪತ್ತೈದರ ಹೆಜ್ಜೆಯಲ್ಲಿ ತಿರುಗಿಸುತ್ತಾರೆ, ಆಗ 3125 ಜೋಡಣೆ ಅಷ್ಟೆ. ಹಳೇ ನಕ್ಷೆಗಳಿಗೆ ಯಾವುದು ಹತ್ತಿರ ಬಂತೋ ಅದರ ಆಸುಪಾಸಿನಲ್ಲಿ ಮತ್ತೆ ಸಣ್ಣ ಹೆಜ್ಜೆ ಇಟ್ಟು ಹುಡುಕುತ್ತಾರೆ.

ಇನ್ನು ನಮ್ಮ ಕಡೆಗೆ ಬರೋಣ. ಬಿಎಂಆರ್‌ಡಿಎ, ಅಂದರೆ ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿ ಬೆಂಗಳೂರು ನಗರ, ಗ್ರಾಮಾಂತರ, ರಾಮನಗರ ಸೀಮೆ ಸೇರಿ ಸುಮಾರು 8000 ಚದರ ಕಿಲೋಮೀಟರ್. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಒಂದು ಚೌಕ ಅಂದರೆ 30 ಮೀಟರಿಗೆ 30 ಮೀಟರ್. ರಸ್ತೆಗೆ ಜಾಗ ಬಿಡದಿದ್ದರೆ ಅದರಲ್ಲಿ ಎಂಟು ಥರ್ಟಿ-ಫಾರ್ಟಿ ಸೈಟ್ ಹಿಡಿಯುತ್ತವೆ. (ನಮ್ಮಲ್ಲಿ ಕೆಲವರು ಬಿಡುವುದೂ ಇಲ್ಲ, ಆ ಮಾತು ಬೇರೆ.) ಅಂಥ ಸುಮಾರು 89 ಲಕ್ಷ ಚೌಕ. ಇಷ್ಟು ಹುಣಸೆ ಬೀಜ ನನ್ನ ಹತ್ತಿರ ಇಲ್ಲ, ಅದಕ್ಕೇ ಕಂಪ್ಯೂಟರ್.

ನಾನು ಮೊದಲ ಸಲ ಇದನ್ನು ಮಾಡಿದಾಗ ಪೇಚಿಗೆ ಸಿಕ್ಕಿಕೊಂಡೆ. ಮೋಡ ಇರುವುದಿಲ್ಲ, ಚಿತ್ರ ಸ್ವಚ್ಛವಾಗಿರುತ್ತೆ ಅಂತ ಮಾರ್ಚ್ ತಿಂಗಳ ಚಿತ್ರ ತೆಗೆದುಕೊಂಡೆ. ನೋಡಿದರೆ ಹೊಸಕೋಟೆ ಆಚೆ ಎಲ್ಲೆಂದರಲ್ಲಿ ಬಡಾವಣೆ! ಗಾಬರಿಯಾಯಿತು. ಅಲ್ಲಿದ್ದದ್ದು ಬಡಾವಣೆ ಅಲ್ಲ, ರಾಗಿ ಕೊಯ್ದು ಬಿಟ್ಟ ಹೊಲ. ಒಣಗಿದ ಬರಿ ಮಣ್ಣೂ ಕಾಂಕ್ರೀಟೂ ಉಪಗ್ರಹದ ಕಣ್ಣಿಗೆ ಹತ್ತಿರ ಹತ್ತಿರ ಒಂದೇ ಥರ ಕಾಣುತ್ತವೆ. ನೀರಿಲ್ಲದ ಕೆರೆಯಂಗಳ ಖಾಲಿ ನಿವೇಶನದ ಹಾಗೆ ಕಾಣುತ್ತೆ, ಇದರಲ್ಲಿ ಉಪಗ್ರಹವನ್ನೊಂದೇ ಬೈದು ಪ್ರಯೋಜನ ಇಲ್ಲ ಬಿಡಿ. ಆ ತಪ್ಪು ನಕ್ಷೆಯನ್ನು ಯಂತ್ರಕ್ಕೆ ಉಣಿಸಿದರೆ, ಈ ಊರು ಚೆಲ್ಲಾಪಿಲ್ಲಿಯಾಗಿ ಬೆಳೆಯುವಂಥದ್ದು ಅಂತ ಅದು ಕಲಿತುಕೊಂಡು ಬಿಡುತ್ತೆ. ಮುಂದಿನ ಮೂವತ್ತು ವರ್ಷ ಅದೇ ಪಾಠ ಒಪ್ಪಿಸುತ್ತೆ.

ಇನ್ನೊಂದು ಮೋಸ ಇದೆ, ಇದು ಸ್ವಲ್ಪ ನಾಜೂಕಿನದು. ನಮ್ಮ ಮಾದರಿ 95 ಪರ್ಸೆಂಟ್ ಸರಿ ಅಂತ ಯಾರಾದರೂ ಹೇಳಿದರೆ ತಕ್ಷಣ ಚಪ್ಪಾಳೆ ತಟ್ಟಬೇಡಿ. ನೂರು ಚೌಕ ಇವೆ ಅನ್ನಿ. ಇಪ್ಪತ್ತು ಆಗಲೇ ಊರು, ಎಪ್ಪತ್ತೈದು ಹೊಲವಾಗೇ ಉಳಿದವು, ಐದು ಮಾತ್ರ ಹತ್ತು ವರ್ಷದಲ್ಲಿ ಊರಾದವು. ಏನೂ ಬದಲಾಗಲ್ಲ ಅಂತ ಹೇಳಿ ಸುಮ್ನೆ ಕೂತವನೂ 95 ಅಂಕ ತಗೋತಾನೆ! ಕೇಳಬೇಕಾದ್ದು ಆ ಐದರ ಬಗ್ಗೆ. ಅದರಲ್ಲಿ ಎಷ್ಟು ಹಿಡಿದಿರಿ, ಇಲ್ಲದ ಕಡೆ ಎಷ್ಟು ಊರು ಕಟ್ಟಿದಿರಿ? ಅದಕ್ಕೆ 2000ದವರೆಗಿನ ನಕ್ಷೆ ಮಾತ್ರ ಕೊಟ್ಟು 2010ನ್ನು ಮುಚ್ಚಿಟ್ಟು, ಯಂತ್ರದ ಬಾಯಲ್ಲಿ 2010 ಹೇಳಿಸಿ ಆಮೇಲೆ ತಾಳೆ ನೋಡುತ್ತಾರೆ.

ಹಾಗೆ ತಾಳೆ ನೋಡುವಾಗ ಬೆಂಗಳೂರು ಯಂತ್ರಕ್ಕೆ ಚೆನ್ನಾಗಿ ನೀರು ಕುಡಿಸುತ್ತೆ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರ ಗಣತಿಯಲ್ಲಿ 65 ಲಕ್ಷ ಚಿಲ್ಲರೆ ಇದ್ದದ್ದು 2011ರಲ್ಲಿ 96 ಲಕ್ಷ ದಾಟಿತು. ಮಧ್ಯೆ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. 2000ದವರೆಗಿನ ನಕ್ಷೆ ನೋಡಿ ಕಲಿತ ಯಂತ್ರಕ್ಕೆ ಈ ವಿಷಯ ಗೊತ್ತಿರುವುದೇ ಇಲ್ಲ. ಅದು ಪಕ್ಕದ ಚೌಕ ನೋಡುತ್ತೆ, ಪೇಪರ್ ಓದಲ್ಲ. ಇನ್ನು ಖಾಲಿ ಲೇಔಟ್. ಕಲ್ಲು ನೆಟ್ಟು ಸೈಟ್ ಮಾರಿ ಹದಿನೈದು ವರ್ಷ ಆದರೂ ಒಂದು ಮನೆ ಏಳದ ಲೇಔಟ್‌ಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಉಪಗ್ರಹದ ಲೆಕ್ಕದಲ್ಲಿ ಅದು ಖಾಲಿ ಜಾಗ, ಉಳುವವರ ಲೆಕ್ಕದಲ್ಲಿ ಹೊಲ ಹೋಗಿ ಎಷ್ಟೋ ಕಾಲ ಆಯಿತು. ಊರು, ಹೊಲ ಅಂತ ಎರಡೇ ಬಣ್ಣ ಇಟ್ಟುಕೊಂಡ ಮಾದರಿಗೆ ಇದು ಅರ್ಥ ಆಗಲ್ಲ. ಇದಕ್ಕೆ ಮೂರನೇ ಬಣ್ಣ ಬೇಕು ಅಂತ ನಾನು ಹೇಳುತ್ತಲೇ ಇದ್ದೇನೆ.

ಹಾಗಾದರೆ ಇದರಿಂದ ಏನು ಉಪಯೋಗ? ಜ್ಯೋತಿಷ್ಯಕ್ಕೆ ಅಂತೂ ಅಲ್ಲ. ಒಂದೇ ಲೆಕ್ಕವನ್ನು ನೂರು ಸಲ ಓಡಿಸುತ್ತಾರೆ, ದಾಳ ಪ್ರತಿ ಸಲ ಬೇರೆ ಬೀಳುತ್ತೆ. ನಿಮ್ಮ ಹೊಲದ ಚೌಕ ನೂರರಲ್ಲಿ ಎಂಬತ್ತು ಸಲ ಊರಾಯಿತು ಅಂದರೆ ಅಲ್ಲಿ ಒತ್ತಡ ಜೋರು ಅಂತ ಅರ್ಥ, ಅಷ್ಟೆ. ನಿಜವಾದ ಉಪಯೋಗ 'ಹೀಗೆ ಮಾಡಿದರೆ?' ಅಂತ ಕೇಳುವುದರಲ್ಲಿ. ದಾಬಸ್‌ಪೇಟೆಯಿಂದ ನಿಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗುವ ವರ್ತುಲ ರಸ್ತೆಯನ್ನು ನಕ್ಷೆಯಲ್ಲಿ ಇಟ್ಟು ಒಮ್ಮೆ, ತೆಗೆದು ಒಮ್ಮೆ ಓಡಿಸಿ. ವ್ಯತ್ಯಾಸ ಎಲ್ಲಿ ಬಂತು ಅಂತ ನೋಡಿ. ರಸ್ತೆ ಹಾಕುವ ಮೊದಲು ಹೀಗೆ ನೋಡುವುದಕ್ಕೂ ಹಾಕಿದ ಮೇಲೆ ನೋಡುವುದಕ್ಕೂ ಅಜಗಜಾಂತರ.

ನಮ್ಮಲ್ಲಿ ಎರಡನೆಯದೇ ರೂಢಿ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದಾಗ ಊರು ಆಗಲೇ ಅಲ್ಲಿಗೆ ಹೋಗಿ ಕೂತಿತ್ತು, ಗಡಿ ಆಮೇಲೆ ಹುಡುಕಿಕೊಂಡು ಹೋಯಿತು. 2031ನ್ನು ಗುರಿಯಾಗಿ ಇಟ್ಟುಕೊಂಡ ಮಾಸ್ಟರ್ ಪ್ಲಾನ್ ಕರಡು 2017ರಲ್ಲಿ ಹೊರಬಂತು, ಆಮೇಲೆ ಸರ್ಕಾರವೇ ವಾಪಸ್ ತೆಗೆದುಕೊಂಡಿತು. ಯೋಜನೆ ನಿಂತರೂ ಚೌಕಗಳಲ್ಲಿ ದಾಳ ಬೀಳುವುದು ನಿಲ್ಲುವುದಿಲ್ಲ, ಅಲ್ವಾ?

ನನ್ನ ಪ್ರಕಾರ ಆರು ನಕ್ಷೆಗಳಲ್ಲಿ ಮುಖ್ಯವಾದದ್ದು ಕಟ್ಟಬಾರದ ಜಾಗದ್ದು. ಬೇರೆಯವನ್ನು ಅಳೆದು ಬರೆಯುತ್ತೇವೆ, ಇದನ್ನು ಮಾತ್ರ ನಾವು ತೀರ್ಮಾನ ಮಾಡಿ ಬರೆಯುತ್ತೇವೆ. ಕೆರೆಗೆ 100 ಕೊಟ್ಟರೆ ಯಂತ್ರ ಅದರ ತಂಟೆಗೆ ಹೋಗಲ್ಲ. ಹಸಿರು ವಲಯಕ್ಕೆ 50 ಕೊಟ್ಟರೆ ಅರ್ಧಕ್ಕರ್ಧ ಬಿಡುತ್ತೆ. ಯಂತ್ರ ವಿಧೇಯ, ಲಂಚ ಗಿಂಚ ಇಲ್ಲ. ಆದರೆ ಧರ್ಮಾಂಬುಧಿ ಕೆರೆಗೆ 100 ಕೊಟ್ಟಿದ್ದರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು ಯಂತ್ರದೊಳಗೆ ಯಾವತ್ತೂ ಹುಟ್ಟುತ್ತಿರಲಿಲ್ಲ. ಸಂಪಂಗಿ ಕೆರೆಗೆ 100 ಕೊಟ್ಟಿದ್ದರೆ ಕಂಠೀರವ ಕ್ರೀಡಾಂಗಣವೂ ಇಲ್ಲ. ಅದಕ್ಕೇ ನಾನು ಎರಡು ಸಲ ಓಡಿಸುತ್ತೇನೆ. ಕಾಗದದ ಮೇಲಿನ ಕಾನೂನು ಹೇಳುವ ಅಂಕಿ ಹಾಕಿ ಒಮ್ಮೆ, ಹಿಂದಿನ ಮೂವತ್ತು ವರ್ಷ ನಿಜಕ್ಕೂ ನಡೆದದ್ದನ್ನು ನೋಡಿ ಇಳಿಸಿದ ಅಂಕಿ ಹಾಕಿ ಇನ್ನೊಮ್ಮೆ. ಎರಡು ನಕ್ಷೆ ಒಂದರ ಮೇಲೊಂದು ಇಟ್ಟರೆ, ಯಾವ ಕೆರೆ, ಯಾವ ಕಾಲುವೆ ಬರೀ ಕಾಗದದ ಬಲದ ಮೇಲೆ ಉಳಿದಿದೆ ಅಂತ ಗೊತ್ತಾಗುತ್ತೆ.

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನಿಮ್ಮ ನಾಗರಕೆರೆಗೆ ಬಂದು, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಕಡೆಗೆ ಇಳಿಯುತ್ತೆ. ಈ ದಾರಿಯ ದೊಡ್ಡ ಕೆರೆಗಳೆಲ್ಲ ನನ್ನ ನಕ್ಷೆಯಲ್ಲಿ ಇವೆ. ಅವುಗಳ ನಡುವಿನ ಸಣ್ಣ ಕಾಲುವೆ, ಕಟ್ಟೆ, ಕುಂಟೆಗಳು ತುಂಬ ಕಡೆ ಇಲ್ಲ. 30 ಮೀಟರ್ ಚೌಕದಲ್ಲಿ ಮೂರು ಮೀಟರ್ ಕಾಲುವೆ ಕಾಣುವುದಿಲ್ಲ. ಕಾಣದ್ದಕ್ಕೆ ಯಂತ್ರ ಸೊನ್ನೆ ಕೊಟ್ಟಿದೆ, ಸೊನ್ನೆ ಅಂದರೆ ಧಾರಾಳವಾಗಿ ಕಟ್ಟಬಹುದು ಅಂತ.

ಅದಕ್ಕೆ ಪ್ರಶ್ನೋತ್ತರದ ಬದಲು ಒಂದು ಕೆಲಸ ಇಟ್ಟುಕೊಂಡು ಬಂದಿದ್ದೇನೆ. ಆ ಗೋಡೆಗೆ ತಾಲ್ಲೂಕಿನ ನಕ್ಷೆ ಅಂಟಿಸಿದೆ, ಕೆಳಗೆ ಕೆಂಪು ಪೆನ್ನು ಇವೆ. ನಿಮ್ಮೂರಲ್ಲಿ ಮಳೆ ಬಂದಾಗ ನೀರು ಎಲ್ಲಿ ಹರಿಯುತ್ತಿತ್ತು ಅಂತ ನೆನಪಿರುವ ಹಿರಿಯರು ದಯವಿಟ್ಟು ಮೊದಲು ಹೋಗಿ ಗೆರೆ ಎಳೆಯಿರಿ. ಕಾಫಿ ಅಲ್ಲೇ ತಂದು ಕೊಡುತ್ತಾರೆ. ಅಷ್ಟರಲ್ಲಿ ನಾನು ಈ ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿಕೊಳ್ಳುತ್ತೇನೆ.