ಒಂದು ಕಟ್ಟಡ, ಎರಡು ಮಾಡು

ನಮಸ್ಕಾರ. ಇವತ್ತು ಬೀಚ್ ಇಲ್ಲ, ನೀರುದೋಸೆಯೂ ಇಲ್ಲ. ಮಂಗಳೂರಿನ ಒಂದು ಹಳೆಯ ಸರಕಾರಿ ಕ್ವಾರ್ಟರ್ಸ್ ನೋಡೋಣ. ಮೂರು ಮಹಡಿ, ಮಾಸಿದ ಹಳದಿ ಬಣ್ಣ, ಗೋಡೆ ತುಂಬಾ ಪಾಚಿ. ಇಂಥದ್ದನ್ನು ಯಾರೂ ನಿಂತು ನೋಡುವುದಿಲ್ಲ. ನನಗೆ ಮಾತ್ರ ಭಾರೀ ಇಷ್ಟ.

ಮೊದಲು ಮೇಲೆ ನೋಡಿ. ಕಾಂಕ್ರೀಟಿನ ಸಪಾಟು ತಾರಸಿ. ಅದರ ಮೇಲೆ ಕಬ್ಬಿಣದ ಕಂಬ, ಕಂಬದ ಮೇಲೆ ಶೀಟ್. ನಕ್ಷೆಯಲ್ಲಿ ಇದ್ದದ್ದು ಒಂದೇ ಮಾಡು, ಅಂದರೆ ಛಾವಣಿ. ಎರಡನೆಯದನ್ನು ಹಾಕಿಸಿದ್ದು ಮಳೆ. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುತ್ತದೆ, ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ನೀರು ಸಪಾಟು ಜಾಗದಲ್ಲಿ ನಿಂತರೆ ಸಣ್ಣ ಬಿರುಕೂ ಸಾಕು.

"ಶೀಟ್ ಹಾಕುವ ಮೊದಲು ಹಾಲ್‌ನಲ್ಲಿ ಬಾಲ್ದಿ ಇಡ್ಬೇಕಿತ್ತು ಮಾರಾಯ್ರೆ" ಅಂದರು ಮೇಲಿನ ಮನೆಯ ಅಕ್ಕ.

ತಮಾಷೆ ಏನು ಗೊತ್ತಾ? ಇದು ಹೆಂಚಿನ ಊರು. ಸ್ವಿಟ್ಜರ್‌ಲ್ಯಾಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲೇ ಇಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದರು. ಇಳಿಜಾರು ಮಾಡಿನಲ್ಲಿ ನೀರು ನಿಲ್ಲುವುದೇ ಇಲ್ಲ. ಆದರೆ ಹೆಂಚಿಗೆ ಅಡಿಯಲ್ಲಿ ಮರದ ತೊಲೆ, ಪಟ್ಟಿ, ಅಂದರೆ ಪಕ್ಕಾಸು ಬೇಕು, ರೀಪು ಬೇಕು, ಒಡೆದದ್ದನ್ನು ಬದಲಿಸುತ್ತಾ ಇರಬೇಕು. ಒಂದೇ ನಕ್ಷೆಯಲ್ಲಿ ಸಾಲು ಸಾಲು ಮನೆ ಏಳಿಸುವವರಿಗೆ ಕಾಂಕ್ರೀಟೇ ಸುಲಭ.

ಈ ಒಂದೇ ನಕ್ಷೆಯ ಹುಚ್ಚು ನಮ್ಮದಲ್ಲ. ಕರಾವಳಿಯವರಿಗೆ ಪರಿಚಯದ ಮುಂಬಯಿಯನ್ನೇ ನೋಡಿ. 1920ರ ದಶಕದಲ್ಲಿ ಅಲ್ಲಿ ಸರಕಾರವೇ ಕಾರ್ಮಿಕರಿಗಾಗಿ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳ್‌ಗಳನ್ನು ಕಟ್ಟಿಸಿತು. ವರ್ಲಿ, ನಾಯಗಾಂವ್, ಶಿವಡಿ, ಲೋವರ್ ಪರೇಲ್ ಸೇರಿ 207 ಕಟ್ಟಡ. ನೆಲಮಹಡಿಯ ಮೇಲೆ ಮೂರು ಮಹಡಿ, ಒಂದೊಂದರಲ್ಲಿ 80 ಖೋಲಿ. ಖೋಲಿ ಅಂದರೆ ಒಂದು ಕೋಣೆ, 160 ಚದರ ಅಡಿ, ಅಷ್ಟೇ. ನಡುವೆ ಉದ್ದದ ಪ್ಯಾಸೇಜ್, ಎರಡೂ ಕಡೆ ಬಾಗಿಲು, ಮಹಡಿಗೆಲ್ಲ ಸೇರಿ ಪಾಯಿಖಾನೆ. ವರ್ಲಿಯಲ್ಲಿದ್ದ ನಮ್ಮ ದೊಡ್ಡಪ್ಪ ರಾತ್ರಿ ಮಲಗುತ್ತಿದ್ದದ್ದು ಆ ಪ್ಯಾಸೇಜಿನಲ್ಲೇ. ಕಟ್ಟಿದವರಿಗೆ ಅದು ಬರೀ ದಾರಿ!

ಆಸ್ಟ್ರಿಯಾದ ವಿಯೆನ್ನಾದಲ್ಲಿ ಹಾಗಲ್ಲ. 1930ರಲ್ಲಿ ಮುಗಿದ ಕಾರ್ಲ್ ಮಾರ್ಕ್ಸ್ ಹೋಫ್ ಅನ್ನುವ ವಸತಿ ಕಟ್ಟಡ ಒಂದು ಕಿಲೋಮೀಟರಿಗೂ ಉದ್ದ, ಸುಮಾರು 1,400 ಮನೆ. ಆದರೂ ಜಾಗದ ಐದರಲ್ಲಿ ಒಂದು ಪಾಲಿನಷ್ಟೂ ಕಟ್ಟಡ ಇಲ್ಲ. ಉಳಿದದ್ದೆಲ್ಲ ಅಂಗಳ, ತೋಟ. ಬಟ್ಟೆ ಒಗೆಯುವ ಜಾಗ, ಶಿಶುವಿಹಾರ, ಲೈಬ್ರರಿ, ಎಲ್ಲವನ್ನೂ ಮೊದಲೇ ನಕ್ಷೆಯಲ್ಲಿ ಸೇರಿಸಿದ್ದರು.

ಸರಿ, ಮಂಗಳೂರಿಗೆ ಬರೋಣ. ಪ್ಲಾಸ್ಟರ್ ಕಿತ್ತುಹೋದಲ್ಲಿ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಕಾಣುತ್ತದೆ ನೋಡಿ. ಗೋಡೆ ಮಾತ್ರ ಊರಿನದ್ದು. ಮೆಟ್ಟಿಲಿನ ಹತ್ತಿರ ಕಾಂಕ್ರೀಟ್ ಜಾಲಿ, ಗಾಳಿ ಬರಲಿ ಅಂತ. ಗಾಳಿ ಜೊತೆ ಎರಚಲೂ ಬರುತ್ತದೆ, ಅದಕ್ಕೇ ಈ ನೀಲಿ ಟಾರ್ಪಾಲ್. ಕಿಟಕಿ ಮೇಲಿನ ಸನ್‌ಶೇಡ್ ಅಂತೂ ಒಂದೂವರೆ ಅಡಿ. ನಮ್ಮ ಓರೆ ಮಳೆಗೆ ಅದು ಯಾವ ಲೆಕ್ಕ?

ಈಗ ಶೀಟಿನ ಅಡಿಗೆ ಬನ್ನಿ. ಜುಲೈಯಲ್ಲೂ ಬಟ್ಟೆ ಒಣಗುತ್ತದೆ, ಮಕ್ಕಳು ಶಟ್ಲ್ ಆಡುತ್ತಾರೆ, ಬರ್ತ್‌ಡೇ ಊಟವೂ ಇಲ್ಲೇ. ಏಪ್ರಿಲ್‌ನಲ್ಲಿ ಬಿಸಿಲು ನೇರ ತಾರಸಿಗೆ ಬೀಳುವುದಿಲ್ಲ, ನಡುವೆ ಗಾಳಿ ಓಡಾಡುತ್ತದೆ, ಹಾಗಾಗಿ ಮೇಲಿನ ಮನೆಗೆ ಸೆಕೆ ಕಡಿಮೆ. ಇಡೀ ಕಟ್ಟಡದಲ್ಲಿ ಚೆನ್ನಾಗಿರುವ ಜಾಗ ಇದೇ ಅಂತ ನನ್ನ ಅಭಿಪ್ರಾಯ. ನಕ್ಷೆಯಲ್ಲೇ ಇಲ್ಲದ್ದು!

ನಿಮ್ಮ ಕ್ವಾರ್ಟರ್ಸಿನ ಸನ್‌ಶೇಡ್ ಎಷ್ಟು ಅಗಲ? ಗೋಡೆಯಿಂದ ಟೇಪ್ ಹಿಡಿದು ಅಳೆದು ಕೆಳಗೆ ಬರೆಯಿರಿ. ಎರಡಡಿ ದಾಟಿದ್ದು ಸಿಕ್ಕಿದರೆ ಮುಂದಿನ ವೀಡಿಯೊ ಅಲ್ಲೇ.