ನಮ್ಮ ಮೇಜಿನ ಮೇಲೆ ಯಾವ ಊರಿನ ನೆಲಮಾಳಿಗೆ?

ನಮಸ್ಕಾರ. ವಿಜಯಪುರದಲ್ಲಿ ಕುಳಿತುಕೊಂಡು ನಾನು ಎರಡು ವರ್ಷ ಯುರೋಪಿನ ಯಾವುದೋ ಕೋಟೆಯ ನೆಲಮಾಳಿಗೆಯನ್ನು ಕತ್ತರಿಸಿ, ಅಂಟಿಸಿ, ಬಣ್ಣ ಬಳಿದಿದ್ದೇನೆ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಮಾದರಿಯ ರೋಲ್‌ಪ್ಲೇಯಿಂಗ್ ಆಟಗಳನ್ನು, ಅಂದರೆ ಒಬ್ಬ ಕಥೆ ನಡೆಸಿ ಉಳಿದವರು ಅದರೊಳಗಿನ ಪಾತ್ರಗಳಾಗುವ ಆಟಗಳನ್ನು, ಆಡುವ ನಾವು ಐದು ಜನ ಪ್ರತಿ ರವಿವಾರ ಮಧ್ಯಾಹ್ನ ನಮ್ಮ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ಆಟ ನಡೆಸುವವನು ನಾನೇ ಆದುದರಿಂದ ಪಾತ್ರಗಳ ಗೊಂಬೆಗಳನ್ನು ನಿಲ್ಲಿಸಲು ಮೇಜಿನ ಮೇಲೆ ಜೋಡಿಸುವ ಕೋಣೆ, ಸುರಂಗ, ಬಾಗಿಲು, ಮೆಟ್ಟಿಲುಗಳ ತುಣುಕುಗಳನ್ನು ಮಾಡುವ ಕೆಲಸವೂ ನನ್ನ ಪಾಲಿಗೇ ಬಂದಿದೆ. ಒಂದು ರವಿವಾರ, ಗುಂಪಿಗೆ ಹೊಸದಾಗಿ ಬಂದ ಬಾಗಲಕೋಟೆ ಕಡೆಯ ಗೆಳೆಯನೊಬ್ಬ ಗೋಡೆಯ ತುಣುಕೊಂದನ್ನು ಎತ್ತಿಕೊಂಡು, ಹೊರಳಿಸಿ ನೋಡಿ, "ಇದು ಯಾವ ಊರ ಕಲ್ಲು?" ಎಂದು ಕೇಳಿದ. ಅವನ ಮನೆತನದವರು ಕಲ್ಲುಗಣಿಯಲ್ಲಿ ದುಡಿದವರು. ಅವನು ಚೇಷ್ಟೆಗೆ ಕೇಳಿರಲಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ಆ ಬೂದು ಬಣ್ಣವನ್ನು ನಾನು ಕಲಿತದ್ದು ಕಲ್ಲಿನಿಂದಲ್ಲ, ವಿಡಿಯೊಗಳಿಂದ.

ಇಂದು ನಾನು ಹೇಳಬೇಕೆಂದಿರುವುದು ಅಷ್ಟೇ ವಿಷಯ. ಈ ತುಣುಕುಗಳನ್ನು ಕೈಯಿಂದ ಮಾಡುವ ಶ್ರಮಕ್ಕೆ ಇಳಿಯುವವರು ತಮ್ಮ ಊರಿನ ನೆಲದಡಿಯನ್ನು ನೋಡಿ ಮಾಡಬೇಕು. ಇದನ್ನು ನಾನು ಊರಿನ ಅಭಿಮಾನಕ್ಕಾಗಿ ಹೇಳುತ್ತಿಲ್ಲ; ಹಾಗೆ ಮಾಡಿದಾಗ ಆಟವೇ ಬೇರೆಯಾಗುತ್ತದೆ ಎಂಬುದು ನನ್ನ ಅನುಭವ.

ಹೊಸಬರಿಗಾಗಿ ಒಂದೆರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಈ ಆಟವನ್ನು ಪ್ರಕಟಿಸಿದಾಗ ಇಂತಹ ತುಣುಕುಗಳು ಕಡ್ಡಾಯವಾಗಿರಲಿಲ್ಲ, ಈಗಲೂ ಅಲ್ಲ. ಕಾಗದ, ಪೆನ್ಸಿಲ್, ದಾಳ ಮತ್ತು ಬಾಯಿಮಾತು ಸಾಕು. ಆದರೂ ಸೈನಿಕ ಗೊಂಬೆಗಳನ್ನಿಟ್ಟು ಯುದ್ಧದಾಟ ಆಡುತ್ತಿದ್ದವರಿಂದ ಹುಟ್ಟಿದ ಆಟವಾದ್ದರಿಂದ ಗೊಂಬೆ ಮತ್ತು ನೆಲದ ಹಂಬಲ ಅದಕ್ಕೆ ಹುಟ್ಟಿನಿಂದಲೇ ಇತ್ತು. 1996ರಲ್ಲಿ ಆರಂಭವಾದ ಡ್ವಾರ್ವನ್ ಫೋರ್ಜ್ ಎಂಬ ಸಂಸ್ಥೆ, ಬಣ್ಣ ಬಳಿದ ಕಲ್ಲುಕೋಣೆಗಳ ತುಣುಕುಗಳನ್ನು ಮಾರುತ್ತ ಮಾಡ್ಯುಲರ್ (ಬೇಕಾದಂತೆ ಬಿಚ್ಚಿ ಜೋಡಿಸುವ) ನೆಲಮಾಳಿಗೆಯ ರೂಪವನ್ನು ಒಂದು ಮಟ್ಟಿಗೆ ಕಟ್ಟಿಕೊಟ್ಟಿತು: ಬೂದು ಚಪ್ಪಡಿಯ ನೆಲ, ಬೂದು ಕಲ್ಲಿನ ಗೋಡೆ, ನೇರ ಓಣಿ, ಚೌಕ ಕೋಣೆ. ಕೈಯಿಂದ ಮಾಡುವವರಲ್ಲಿ ಅನೇಕರು, ನನ್ನನ್ನೂ ಸೇರಿಸಿ, ಇಂದಿಗೂ ಅದನ್ನೇ ನಕಲು ಮಾಡುತ್ತಿದ್ದೇವೆ.

ನಾನು ಹುಟ್ಟಿ ಬೆಳೆದದ್ದು ಬೆಳಗಾವಿಯಲ್ಲಿ. ದೀಪಾವಳಿ ಬಂದರೆ ಅಲ್ಲಿ ಗಲ್ಲಿಗಲ್ಲಿಯ ಹುಡುಗರು ಮಣ್ಣಿನ ಕಿಲ್ಲಾ ಕಟ್ಟುತ್ತಾರೆ. ಕಲ್ಲು ಇಟ್ಟಿಗೆಗಳ ಗುಡ್ಡೆಯ ಮೇಲೆ ಗೋಣಿಚೀಲ ಹೊದಿಸಿ, ಅದರ ಮೇಲೆ ರಾಡಿಮಣ್ಣು ಸವರಿ, ಬುರುಜು, ಮೆಟ್ಟಿಲು, ಹೆಬ್ಬಾಗಿಲುಗಳನ್ನು ತಿದ್ದಿ, ಹುಲ್ಲು ಕಾಣಲೆಂದು ಸಾಸಿವೆ ಬಿತ್ತಿ, ಕೊನೆಗೆ ಶಿವಾಜಿಯ ಮಾವಳೆ ಸೈನಿಕರ ಮಣ್ಣಿನ ಗೊಂಬೆಗಳನ್ನು ನಿಲ್ಲಿಸುತ್ತಾರೆ. ಈ ಹವ್ಯಾಸಕ್ಕೆ ಬೇಕಾದ ಕಣ್ಣು ನನಗೆ ಬಂದದ್ದು ಅಲ್ಲಿಂದಲೇ. ಆದರೆ ಕಿಲ್ಲಾಕ್ಕೂ ಆಟದ ತುಣುಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಿಲ್ಲಾ ಒಮ್ಮೆ ಕಟ್ಟಿದರೆ ಮುಗಿಯಿತು, ನೋಡುವವರು ಸುತ್ತ ನಿಂತು ನೋಡುತ್ತಾರೆ. ಆಟದ ತುಣುಕನ್ನಾದರೋ ಈ ವಾರ ಸೆರೆಮನೆಯಾಗಿ, ಮುಂದಿನ ವಾರ ಖಜಾನೆಯಾಗಿ, ಅದರ ಮುಂದಿನ ವಾರ ಕುಸಿದ ಗುಡಿಯಾಗಿ ಜೋಡಿಸಬೇಕಾಗುತ್ತದೆ. ಒಂದೇ ಕೋಣೆಯನ್ನು ಎಷ್ಟು ಚೆಂದ ಮಾಡುತ್ತೇವೆಯೋ ಅಷ್ಟರ ಮಟ್ಟಿಗೆ ಅದನ್ನು ಇನ್ನೊಂದು ಕೋಣೆಯಾಗಿ ನಂಬಿಸುವುದು ಕಷ್ಟವಾಗುತ್ತದೆ. ತಲೆಬುರುಡೆಗಳನ್ನು ಕೆತ್ತಿದ ಬಲಿಪೀಠವೊಂದನ್ನು ನಾನು ಹನ್ನೊಂದು ದಿನ ಕುಳಿತು ಮಾಡಿದ್ದೆ. ಅದು ಮೇಜಿನ ಮೇಲೆ ಬಂದದ್ದು ಒಂದೇ ಸಲ.

ಆದ್ದರಿಂದ ಮೊದಲು ಅಳತೆ. ಈ ಆಟಗಳಲ್ಲಿ ಒಂದು ಇಂಚಿನ ಚೌಕ ಎಂದರೆ ಐದು ಅಡಿ ನೆಲ. ಚೌಕಾಬಾರಾ ಆಡಿದವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಒಬ್ಬ ಸಾಮಾನ್ಯ ಗಾತ್ರದ ಮನುಷ್ಯ ಒಂದು ಮನೆಯಲ್ಲಿ ನಿಲ್ಲುತ್ತಾನೆ, ರಾಕ್ಷಸ ಗಾತ್ರದವನಿಗೆ ನಾಲ್ಕು ಮನೆ ಬೇಕು. ನಾನು ಎರಡಿಂಚು ಚೌಕದ ಟೈಲ್‌ಗಳನ್ನು ಮಾಡುತ್ತೇನೆ. ಕೈಯಿಂದ ಕತ್ತರಿಸುವಾಗ ಪ್ರತಿ ಟೈಲ್‌ನಲ್ಲಿ ಒಂದು ಮಿಲಿಮೀಟರ್ ಹೆಚ್ಚಾದರೆ ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಎಂಟು ಟೈಲ್‌ಗಳನ್ನು ಸಾಲಾಗಿ ಇಟ್ಟಾಗ ಎಂಟು ಮಿಲಿಮೀಟರ್ ಆಗಿ, ಪಕ್ಕದ ಸಾಲಿನೊಂದಿಗೆ ಬಾಗಿಲು ಕೂಡುವುದೇ ಇಲ್ಲ. ಮರದ ಪಟ್ಟಿಯೊಂದನ್ನು ಹಲಗೆಗೆ ಮೊಳೆ ಹೊಡೆದು ಕೂಡಿಸಿ, ಎಲ್ಲ ಟೈಲ್‌ಗಳನ್ನೂ ಅದೇ ಪಟ್ಟಿಗೆ ಒತ್ತಿ ಕತ್ತರಿಸಿದ ಮೇಲೆಯೇ ನನ್ನ ಕೋಣೆಗಳು ಒಂದಕ್ಕೊಂದು ಸೇರಿದವು. ಗೋಡೆಯನ್ನು ಟೈಲ್‌ನ ಮೇಲೆಯೇ ನಿಲ್ಲಿಸಿದರೆ ಅದರ ದಪ್ಪ ಮನೆಯನ್ನು ತಿನ್ನುತ್ತದೆ ಮತ್ತು ಗೊಂಬೆ ವಾಲುತ್ತದೆ. ಹೊರಗೆ ಬೇರೆಯಾಗಿ ನಿಲ್ಲಿಸಿದರೆ ನಕ್ಷೆಯೇ ಹಿಗ್ಗುತ್ತದೆ. ಈ ಜಗಳಕ್ಕೆ ಪೂರ್ತಿ ಪರಿಹಾರವಿಲ್ಲ. ಗೋಡೆಯನ್ನು ಮುಕ್ಕಾಲು ಇಂಚಿಗಿಂತ ಎತ್ತರ ಮಾಡದೆ, ಬೇರೆಯಾಗಿಯೇ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಎತ್ತರದ ಗೋಡೆ ಫೋಟೊಕ್ಕೆ ಚೆಂದ, ಆದರೆ ಎದುರಿಗೆ ಕುಳಿತವನಿಗೆ ತನ್ನ ಗೊಂಬೆಯೇ ಕಾಣುವುದಿಲ್ಲ.

ಸಾಮಗ್ರಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ವಿಡಿಯೊಗಳಲ್ಲಿ ತೋರಿಸುವ ಎಕ್ಸ್‌ಪಿಎಸ್ ಫೋಮ್ ಕಟ್ಟಡಗಳ ಶಾಖ ತಡೆಯಲು ಬಳಸುವ ಹಲಗೆ. ನಮ್ಮ ಕಡೆ ಅದನ್ನು ಹುಡುಕಿಕೊಂಡು ಹೋಗಬೇಕು. ಫ್ಲೆಕ್ಸ್ ಬೋರ್ಡ್ ಮಾಡುವ ಅಂಗಡಿಯಲ್ಲಿ ಉಳಿದ ಸನ್‌ಬೋರ್ಡ್ ಚೂರುಗಳು, ಪುಸ್ತಕ ಕಟ್ಟುವವರ ರಟ್ಟು ಮತ್ತು ಫೆವಿಕಾಲ್‌ನಿಂದ ನನ್ನ ಮುಕ್ಕಾಲು ಪಾಲು ಕೆಲಸ ನಡೆದಿದೆ. ರಟ್ಟಿಗೆ ಒಂದೇ ಮಗ್ಗುಲಿಗೆ ಬಣ್ಣ ಹಚ್ಚಿದರೆ ಅದು ಹಪ್ಪಳದಂತೆ ಸುರುಳಿಯಾಗುತ್ತದೆ, ಹಿಂದೆಯೂ ಹಚ್ಚಬೇಕು. ಕಾಳುಕಾಳಾಗಿ ಉದುರುವ ಥರ್ಮಾಕೋಲ್ ಇಂತಹ ಕೆಲಸಕ್ಕೆ ಒಗ್ಗುವುದಿಲ್ಲ. ಅಲಂಕಾರದ ಥರ್ಮಾಕೋಲ್ ಮೇಲೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವೂ ಇದೆ. ಥರ್ಮಾಕೋಲ್‌ಗಾಗಲಿ ಫೋಮ್‌ಗಾಗಲಿ ಡಬ್ಬಿಯ ಸ್ಪ್ರೇ ಬಣ್ಣವನ್ನು ನೇರವಾಗಿ ಹೊಡೆಯಬೇಡಿ. ಅದರಲ್ಲಿರುವ ದ್ರಾವಕ ಇವೆರಡರ ಮೂಲವಸ್ತುವಾದ ಪಾಲಿಸ್ಟೈರೀನನ್ನು ಕರಗಿಸುತ್ತದೆ ಎಂಬುದನ್ನು ನಾನು ಒಂದು ವಾರದ ಕೆಲಸವನ್ನು ಕಣ್ಣೆದುರೇ ಕುಗ್ಗಿಸಿಕೊಂಡು ಕಲಿತೆ. ಫೆವಿಕಾಲ್‌ಗೆ ಕಪ್ಪು ಬಣ್ಣ ಕಲಸಿ ಮೊದಲು ಒಂದು ಲೇಪ ಕೊಟ್ಟರೆ ಫೋಮ್ ಉಳಿಯುತ್ತದೆ, ಗಟ್ಟಿಯೂ ಆಗುತ್ತದೆ.

ಈಗ ಗೆಳೆಯನ ಪ್ರಶ್ನೆಗೆ ಬರುತ್ತೇನೆ. ನಮ್ಮ ಮೂರು ಜಿಲ್ಲೆಗಳಲ್ಲಿಯೇ ಮೂರು ಬಗೆಯ ಕಲ್ಲುಗಳಿವೆ, ಮತ್ತು ಪ್ರತಿಯೊಂದನ್ನೂ ಬೇರೆ ಕೈಚಳಕದಿಂದ ತೋರಿಸಬೇಕಾಗುತ್ತದೆ. ಬೆಳಗಾವಿಯ ಜಂಬಿಟ್ಟಿಗೆ ಕಲ್ಲು ಗಣಿಯಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಅದರ ಮೈತುಂಬ ಗೂಡುಗಳಂತಹ ರಂಧ್ರಗಳು. ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಒತ್ತಿ, ಮುರಿದ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಕೆಮ್ಮಣ್ಣಿನ ಬಣ್ಣ ಹಚ್ಚಿ, ಮೇಲೆ ನೀರಾಗಿಸಿದ ಕಂದು ಬಣ್ಣವನ್ನು ಹರಿಯಬಿಟ್ಟರೆ ಅದು ರಂಧ್ರಗಳಲ್ಲಿ ತಾನಾಗಿ ಇಳಿದು ನಿಲ್ಲುತ್ತದೆ. ಬಾದಾಮಿಯದು ಮರಳುಗಲ್ಲು, ಅದರಲ್ಲಿ ಪದರಗಳು ಕಾಣಬೇಕು. ತಂತಿಯ ಬ್ರಶ್ಶನ್ನು ಒಂದೇ ದಿಕ್ಕಿನಲ್ಲಿ ಎಳೆದು, ಕೆಂಪು, ನಸುಗೆಂಪು, ಹಳದಿಗಳನ್ನು ಪಟ್ಟೆಪಟ್ಟೆಯಾಗಿ ಒಂದರೊಳಗೊಂದು ಕಲೆಸಬೇಕು. ಅಲ್ಲಿ ಇನ್ನೊಂದು ಮಾತಿದೆ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯನ್ನು ಯಾರೂ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದಲ್ಲ, ಬಂಡೆಯನ್ನೇ ಕೊರೆದು ಮಾಡಿದ್ದು. ಅಂತಹ ಗೋಡೆಯ ಮೇಲೆ ಇಟ್ಟಿಗೆಯ ಗೆರೆ ಎಳೆದರೆ ಅದು ಸುಳ್ಳಾಗುತ್ತದೆ. ವಿಜಯಪುರದ ಕಲ್ಲು ಕಪ್ಪುಬೂದು ಬಸಾಲ್ಟ್. ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ಫೋಮ್ ಮೇಲೆ ಉರುಳಿಸಿದರೆ ಅದರ ಒರಟುತನ ಬರುತ್ತದೆ. ಬಣ್ಣ ಹಚ್ಚುವಾಗ ಅಪ್ಪಟ ಕಪ್ಪಿಗೆ ತುಸು ಕಂದು ಸೇರಿಸಿ, ಒಣಗಿದ ಮೇಲೆ ಬ್ರಶ್‌ನಲ್ಲಿ ಬಣ್ಣವೇ ಇಲ್ಲವೆನ್ನುವಷ್ಟು ಒರೆಸಿಕೊಂಡು ತಿಳಿಬೂದಿಯನ್ನು ಅಂಚುಗಳಿಗೆ ತಾಗಿಸಬೇಕು. ಈಗ ನನ್ನ ಮೇಜಿನಲ್ಲಿ ಗೋಡೆಯ ಬಣ್ಣ ಬದಲಾದರೆ ಆಟಗಾರರಿಗೆ ನಾವು ಬೇರೆ ನಾಡಿಗೆ ಬಂದೆವು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಬಣ್ಣಕ್ಕಿಂತ ಮುಖ್ಯವಾದದ್ದು ನೆಲದಡಿಯ ವಿನ್ಯಾಸ. ಆದಿಲ್‌ಶಾಹಿಗಳ ಕಾಲದಲ್ಲಿ ವಿಜಯಪುರಕ್ಕೆ ಪಕ್ಕದ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗಗಳ ಮೂಲಕ ನೀರು ಬರುತ್ತಿತ್ತು. ಅಲ್ಲಿನ ಸುರಂಗ ಬಾವಡಿಯ ಹೆಸರೇ ಅದನ್ನು ಹೇಳುತ್ತದೆ. ಕರೇಜ್ ಎನ್ನುವ ಈ ವ್ಯವಸ್ಥೆಯಲ್ಲಿ ಸುರಂಗದ ಉದ್ದಕ್ಕೂ ಮೇಲಿನಿಂದ ಕೊರೆದ ಬಾವಿಗಳಿರುತ್ತವೆ, ಊರೊಳಗೆ ನೀರಿನ ಒತ್ತಡ ತಗ್ಗಿಸಲು ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು. ನಕಲು ಮಾಡಿದ ಬೂದು ಓಣಿಯಲ್ಲಿ ಆಟಗಾರನಿಗೆ ಇರುವ ಪ್ರಶ್ನೆ ಎಡಕ್ಕೋ ಬಲಕ್ಕೋ ಎಂಬುದೊಂದೇ. ಕರೇಜಿನಲ್ಲಿ ನಡುವೆ ನೀರು ಹರಿಯುತ್ತದೆ, ಅಲ್ಲಲ್ಲಿ ಮೇಲಿನಿಂದ ಬೆಳಕಿನ ಕಂಬ ಇಳಿಯುತ್ತದೆ, ಆ ಬೆಳಕಿನಿಂದಲೇ ಹಗ್ಗ ಇಳಿಯಬಹುದು, ಶತ್ರುವೂ ಇಳಿಯಬಹುದು. ಇದಕ್ಕಾಗಿ ನಾನು ಮಾಡಿದ್ದು ಎರಡೇ ಬಗೆಯ ತುಣುಕು: ನಡುವೆ ನೀರಿನ ಗೆರೆಯಿರುವ ಓಣಿ, ಮತ್ತು ಅದೇ ಓಣಿಯಲ್ಲಿ ದುಂಡಗೆ ತಿಳಿಬಣ್ಣ ಹಚ್ಚಿದ ಇನ್ನೊಂದು. ಆ ದುಂಡು ಬೆಳಕಿನೊಳಗೆ ಗೊಂಬೆ ನಿಲ್ಲಿಸಬೇಕೋ ಬೇಡವೋ ಎಂದು ಅರ್ಧ ಗಂಟೆ ವಾದ ನಡೆದಿದೆ.

ಗೋಲಗುಮ್ಮಟದ ಒಳಗಿನ ಸಭಾಂಗಣ ಒಂದೊಂದು ಬದಿಗೆ ಸುಮಾರು 135 ಅಡಿ. ನಮ್ಮ ಅಳತೆಯಲ್ಲಿ 27 ಇಂಚು, ಅಂದರೆ 729 ಮನೆಗಳು. ಎರಡಿಂಚಿನ ಟೈಲ್ ಲೆಕ್ಕದಲ್ಲಿ ನೂರೆಂಬತ್ತಕ್ಕೂ ಹೆಚ್ಚು. ಎತ್ತರ ಸುಮಾರು 33 ಇಂಚು ಬರುತ್ತದೆ, ಅದನ್ನು ಕಟ್ಟುವ ಹುಚ್ಚಿಗೆ ನಾನು ಕೈಹಾಕಿಲ್ಲ. ಗುಮ್ಮಟವನ್ನು ಬಿಟ್ಟು ನೆಲವನ್ನಷ್ಟೇ ಹಾಸಿದೆ, ಪಿಸುಮಾತಿನ ಗ್ಯಾಲರಿಯನ್ನು ಒಂದು ನಿಯಮವನ್ನಾಗಿ ಇಟ್ಟುಕೊಂಡೆ: ಈ ಕೋಣೆಯಲ್ಲಿ ಗೆಳೆಯನ ಕಿವಿಯಲ್ಲಿ ಹೇಳಿದ್ದು ಎದುರಿನ ಗೋಡೆಯ ಬಳಿ ನಿಂತ ಶತ್ರುವಿಗೂ ಕೇಳುತ್ತದೆ. ಮೇಲೆ ಕಾಣುವುದು ಗೋರಿಗಳ ಪ್ರತಿರೂಪ, ನಿಜವಾದ ಗೋರಿಗಳಿರುವುದು ಅದರ ಕೆಳಗಿನ ನೆಲಮಾಳಿಗೆಯಲ್ಲಿ ಎಂಬ ಸಂಗತಿಯನ್ನು ಆಟ ನಡೆಸುವವರಿಗೆ ಯಾರಾದರೂ ಬಿಡಿಸಿ ಹೇಳಬೇಕೇ?

ಇನ್ನು ನನಗೆ ಅತ್ಯಂತ ಪ್ರಿಯವಾದ ತುಣುಕು ಹಗೇವು. ಜೋಳ ಕೂಡಿಡಲು ನಮ್ಮ ಹಳ್ಳಿಗಳಲ್ಲಿ ನೆಲದೊಳಗೆ ತೋಡುತ್ತಿದ್ದ ಕಣಜ ಅದು. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬಹುದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿ, ಇಳಿದವರು ಸತ್ತದ್ದುಂಟು. ಅದಕ್ಕಾಗಿಯೇ ಮೊದಲು ದೀಪ ಇಳಿಸಿ ನೋಡುತ್ತಿದ್ದರು. "ದೀಪ ಆರಿತಂದ್ರ ಇಳಿಬ್ಯಾಡ್ರಿ" ಎಂದು ನಮ್ಮ ಅಜ್ಜಿ ಹೇಳುತ್ತಿದ್ದ ಮಾತು ಈಗ ನಮ್ಮ ಆಟದಲ್ಲಿ ಒಂದು ನಿಯಮ. ವಿಷದ ಬಾಣ, ಉರುಳುವ ಬಂಡೆಗಳ ಬಲೆಗೆ ಪಳಗಿದ ಆಟಗಾರರು ಮೊದಲ ಹಗೇವಿಗೆ ಹಗ್ಗ ಕಟ್ಟಿ ನೇರವಾಗಿ ಇಳಿದರು. ನಮ್ಮ ಗುಂಪಿನಲ್ಲಿ ಹಗೇವನ್ನು ಕಣ್ಣಾರೆ ಕಂಡಿದ್ದವಳು ಒಬ್ಬಳೇ. ಅವಳು ಮಾತ್ರ ಮೇಲೆಯೇ ನಿಂತು ಪಂಜನ್ನು ದಾರಕ್ಕೆ ಕಟ್ಟಿದಳು. ಆ ತುಣುಕು ಮಾಡಲು ನನಗೆ ಹಿಡಿದದ್ದು ಒಂದು ಸಂಜೆ: ಎರಡಿಂಚಿನ ಟೈಲ್, ನಡುವೆ ಕಾಲಿಂಚಿನ ತೂತು, ಎತ್ತಿಡಲು ಬರುವ ಒಂದು ಮುಚ್ಚಳ.

ಇಷ್ಟೆಲ್ಲ ಏಕೆ, ತ್ರೀಡಿ ಪ್ರಿಂಟರ್‌ನಲ್ಲಿ ಒತ್ತಿದರೆ ಆಗುವುದಿಲ್ಲವೇ ಎನ್ನುವವರಿದ್ದಾರೆ. ಆಗುತ್ತದೆ. ಓಪನ್‌ಲಾಕ್‌ನಂತಹ ಕೂಡಿಕೆಯ ಪದ್ಧತಿಯಲ್ಲಿ ಒತ್ತಿದ ತುಣುಕುಗಳು ನನ್ನ ಮರದ ಪಟ್ಟಿಯ ಅಳತೆಯನ್ನು ನಾಚಿಸುತ್ತವೆ, ಕುಸುರಿ ಕೆತ್ತನೆಯ ಕಂಬಗಳನ್ನು ನಾನೂ ಒತ್ತಿಸಿ ತಂದಿದ್ದೇನೆ. ಆದರೆ ನಾನು ಹುಡುಕಿ ನೋಡಿದ ಫೈಲ್‌ಗಳಲ್ಲಿ ಸಿಕ್ಕಿದ್ದು ಮತ್ತದೇ ಬೂದು ಓಣಿ. ಹಗೇವು ಸಿಗಲಿಲ್ಲ. ತ್ರೀಡಿ ಚಿತ್ರ ಬರೆಯಲು ಬಲ್ಲವರು ಅದನ್ನು ಬರೆದು ಹಂಚಿದರೆ ಮೊದಲು ಒತ್ತಿಸಿಕೊಳ್ಳುವವನು ನಾನೇ.

ಈಗ ಕೈಯಲ್ಲಿರುವುದು ತಾಜ್ ಬಾವಡಿ. 1620ರಲ್ಲಿ ಕಟ್ಟಿದ ಆ ಬಾವಿಯ ಕಮಾನು ಮತ್ತು ಎರಡು ಬದಿಯ ಎಂಟುಮೂಲೆ ಗೋಪುರಗಳು ಸನ್‌ಬೋರ್ಡ್‌ನಲ್ಲಿ ನಿಂತಿವೆ. ಮೆಟ್ಟಿಲುಗಳ ಪ್ರತಿ ಹಂತವನ್ನೂ ಬಿಡಿಬಿಡಿ ಚೌಕಟ್ಟಾಗಿ ಮಾಡುತ್ತಿದ್ದೇನೆ, ಆಟದ ನಡುವೆ ನೀರು ಏರಿದರೆ ಒಂದೊಂದೇ ಹಂತವನ್ನು ತೆಗೆದು ಹಸಿರು ಹಾಳೆ ಹಾಸಬಹುದು ಎಂಬ ಲೆಕ್ಕದಲ್ಲಿ. ಮೂರು ಹಂತ ಮುಗಿದಿವೆ. ನಾಲ್ಕನೆಯದು ಒಂದು ಮೂಲೆಯಲ್ಲಿ ಎರಡು ಮಿಲಿಮೀಟರ್ ದೊಡ್ಡದಾಗಿ ಕೂಡದೆ ಹೋಗಿದೆ, ರವಿವಾರದೊಳಗೆ ಅದನ್ನು ಮತ್ತೆ ಕತ್ತರಿಸಬೇಕು.