ಗುಡಿ ಕಟ್ಟಿಸಿದವರಿಗೇ ಹಾಡಲು ಜಾಗವಿರಲಿಲ್ಲ

ನಮಸ್ಕಾರ ಕೇಳುಗರೇ. ಪುಷ್ಯ ಬಹುಳ ಪಂಚಮಿ, ಅಂದರೆ ವಾಗ್ಗೇಯಕಾರ ತ್ಯಾಗರಾಜರ ಪುಣ್ಯತಿಥಿಯ ಆರಾಧನೆ ನಡೆಯುವ ದಿನ, ಬೆಳಿಗ್ಗೆ ರೇಡಿಯೊ ಹಾಕಿದರೆ ತಮಿಳುನಾಡಿನ ತಿರುವೈಯಾರಿನಿಂದ ಅವರ ಪಂಚರತ್ನ ಕೃತಿಗಳು ಕೇಳಿಬರುತ್ತವೆ, ಅಲ್ವಾ? ನಾಟ ರಾಗದ ‘ಜಗದಾನಂದಕಾರಕ’ ಶುರುವಾದ ಕೂಡಲೇ ಗಂಡು ಹೆಣ್ಣು ದನಿಗಳೆಲ್ಲ ಒಟ್ಟಿಗೆ ಏಳುತ್ತವೆ. ಆ ಗೋಷ್ಠಿಯಲ್ಲಿ ಹೆಣ್ಣಿನ ದನಿ ಸೇರಿದ್ದು ಸುಮ್ನೆ ಅಲ್ಲ. ಅದಕ್ಕಾಗಿ ವರ್ಷಗಟ್ಟಲೆ ಹಟ ಹಿಡಿದವರು ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ.

ಹುಟ್ಟಿದ್ದು 1878ರಲ್ಲಿ, ದೇವದಾಸಿ ಮನೆತನದಲ್ಲಿ. ಸಂಗೀತ, ನೃತ್ಯದ ಜೊತೆಗೆ ಸಂಸ್ಕೃತ, ತೆಲುಗನ್ನೂ ಚೆನ್ನಾಗಿ ಕಲಿತವರು. ಮುಂದೆ ಮದರಾಸಿನಲ್ಲಿ ನೆಲೆಸಿ ದೊಡ್ಡ ಹೆಸರು ಮಾಡಿದರು.

ಅವರ ಓದಿನ ಬಗ್ಗೆ ಜನ ಮಾತಾಡುವುದು ಕಡಿಮೆ. ನನಗೆ ಅದೇ ಜಾಸ್ತಿ ಇಷ್ಟ. 18ನೇ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯ ಬರೆದಿದ್ದರು. ಅದು ಅಚ್ಚಾದಾಗ ಎಷ್ಟೋ ಪದ್ಯಗಳನ್ನು ಕಿತ್ತುಹಾಕಿದ್ದರು, ಕವಯಿತ್ರಿ ತನ್ನ ಬಗ್ಗೆ ಹೇಳಿಕೊಂಡಿದ್ದನ್ನೂ ತೆಗೆದುಹಾಕಿದ್ದರು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿಸಿ, ಹೋಲಿಸಿ ನೋಡಿ, 1910ರಲ್ಲಿ ಪೂರ್ತಿ ಕಾವ್ಯವನ್ನು ಹೊರತಂದರು. ಶೃಂಗಾರ ಬರೆಯಲು ಹೆಂಗಸಿಗೆ ಮಾತ್ರ ನಾಚಿಕೆ ಇರಬೇಕಾ, ಗಂಡಸಿಗೆ ಬೇಡವಾ ಅಂತ ಮುನ್ನುಡಿಯಲ್ಲೇ ನೇರವಾಗಿ ಕೇಳಿದರು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ಅಶ್ಲೀಲ ಎಂದು ಮುಟ್ಟುಗೋಲು ಹಾಕಿತು. ಆ ನಿಷೇಧ ತೆಗೆದದ್ದು 1947ರಲ್ಲಿ.

ಇನ್ನು ತಿರುವೈಯಾರು. ಕಾವೇರಿ ದಡದಲ್ಲಿ ತ್ಯಾಗರಾಜರ ಸಮಾಧಿ ಹಾಳುಬಿದ್ದಿದೆ ಅಂತ ಗೊತ್ತಾದಾಗ ಅವರಿಗೆ ತಡೆಯಲಾಗಲಿಲ್ಲ. ಜೀವಮಾನವಿಡೀ ಹಾಡಿ ದುಡಿದ ಹಣ ಸುರಿದು ಅಲ್ಲಿ ಗುಡಿ ಕಟ್ಟಿಸಿದರು. 1925ರಲ್ಲಿ ಅದರ ಪ್ರತಿಷ್ಠೆಯಾಯಿತು. ಆದರೆ ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲ! ಗುಡಿ ಕಟ್ಟಿಸಿದವರಿಗೇ ಹಾಡುವ ಹಕ್ಕಿಲ್ಲ ಅಂದರೆ ಹೊಟ್ಟೆ ಉರಿಯುವುದಿಲ್ಲವೇ? ನಾಗರತ್ನಮ್ಮ ಅತ್ತುಕೊಂಡು ಕೂರಲಿಲ್ಲ. ಹೆಂಗಸರದ್ದೇ ಒಂದು ತಂಡ ಕಟ್ಟಿ, ಮುಂದೆ ಗಂಡಸರ ಕಚೇರಿ ನಡೆಯುವಾಗ ಗುಡಿಯ ಹಿಂಭಾಗದಲ್ಲಿ ತಮ್ಮ ಆರಾಧನೆ ನಡೆಸಿದರು. ಹೀಗೇ ವರ್ಷಗಳು ಉರುಳಿದವು. ಕೊನೆಗೆ 1940ರ ಸುಮಾರಿಗೆ ಬೇರೆ ಬೇರೆಯಾಗಿ ಆರಾಧನೆ ನಡೆಸುತ್ತಿದ್ದ ಬಣಗಳೆಲ್ಲ ಒಂದಾದವು, ಹೆಂಗಸರಿಗೂ ಮುಂದೆ ಕೂತು ಹಾಡುವ ಅವಕಾಶ ಸಿಕ್ಕಿತು.

1952ರಲ್ಲಿ ಅವರು ತೀರಿಕೊಂಡರು. ತಿರುವೈಯಾರಿಗೆ ಹೋದರೆ ಅವರ ಸಮಾಧಿಯನ್ನೂ ನೋಡಿ ಬನ್ನಿ. ತ್ಯಾಗರಾಜರ ಕಡೆಗೇ ಮುಖ ಮಾಡಿ, ಕೈಮುಗಿದು ಕೂತಿರುವ ಅವರ ಪ್ರತಿಮೆ ಅಲ್ಲಿದೆ.